ಸಾಹಸವೂ ಸಂಭೂಯ ಸಮುತ್ಥಾನವೂ

ಇತ್ತೀಚೆಗೆ ವರ್ತಮಾನಪತ್ರಗಳನ್ನು ತೆರೆದರೆ 'ಸ್ಟಾರ್ಟಪ್' ಎಂಬ ಶಬ್ದವು ಕಣ್ಣಿಗೆ ಬೀಳದ ದಿನವೇ ಇಲ್ಲವೆನ್ನಬಹುದು. ಹೊಸದೊಂದು ಕಲ್ಪನೆಯನ್ನು ಮುಂದಿಟ್ಟುಕೊಂಡು, ಹಾನಿಯಾದೀತೆಂಬ ಭಯವನ್ನು ಬದಿಗಿರಿಸಿ ತರುಣರು ಹೂಡುವ ಉದ್ಯಮಕ್ಕೆ ಈ ಹೆಸರು. 2016ನೆಯ ಇಸವಿಯ ಜನೆವರಿ 16ರಂದು ಭಾರತ ಸರಕಾರವು ಇಂಥವುಗಳ ಪ್ರೋತ್ಸಾಹದ ಸಲುವಾಗಿ ಒಂದು ಯೋಜನೆಯನ್ನೇ ಸಾರಿತು. ಇದರೊಡನೆ ಇನ್ನೊಂದು ಮಾತೂ ಬಳಕೆಗೆ ಬಂದಿರುವದು. ಉದ್ಯಮಗಳು ಹುಟ್ಟುವದು ಹಣದಿಂದಲ್ಲ, ಜನಾಂಗದ ಎದೆಗಾರಿಕೆಯಿಂದ. ಕೆಲವು ರಾಷ್ಟ್ರಗಳ ರಕ್ತದಲ್ಲಿಯೇ ಆ ಗುಣವಿರುವದು, ಕೆಲವುಗಳ ರಕ್ತದಲ್ಲಿ ಇಲ್ಲ ಎಂಬದೇ ಆ ಮಾತು. ನಮ್ಮವರು ಹುಟ್ಟು ಅಂಜುಬುರುಕರು, ನೌಕರಿಯ ನೆರಳನ್ನು ಬಿಟ್ಟು ಬಿಸಿಲಿಗೆ ಬರಲೊಲ್ಲರು ಎಂಬದು ಅದರ ಫಲಿತಾರ್ಥ. ಹೋದ ವರ್ಷ ನಮ್ಮ ಕುಂದಗೋಳದ ಒಂದು ಸಭೆಯಲ್ಲಿ ಪರಸ್ಥಳದಿಂದ ಬಂದ ವಕ್ತಾರರೊಬ್ಬರು ಇದನ್ನೇ ಬಹು ಚೆನ್ನಾಗಿ ಹೇಳಿದರು. ಸಭಿಕರು ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆನು. ಮನೆಗೆ ಬಂದ ಮೇಲೆ ಮಾತ್ರ ಆ ಮಾತು ಹಲ್ಲಿನಲ್ಲಿ ಸಿಕ್ಕ ಜೋಳದ ಹೊಟ್ಟಿನಂತೆ ನನ್ನನ್ನು ಕಾಡತೊಡಗಿತು.

ವಕ್ತಾರರು ಕೊಟ್ಟ ಮುಖ್ಯ ದೃಷ್ಟಾಂತವು ಇಸ್ರಾಯೇಲ ದೇಶದ್ದು. ಡಾನ್ ಸೇನೋರ್ ಮತ್ತು ಸಾಲ್ ಸಿಂಗರ್ ಎಂಬಿಬ್ಬರು 2009ರಲ್ಲಿ ಪ್ರಕಟಿಸಿದ 'ಸ್ಟಾರ್ಟಪ್ ನೇಶನ್' ಎಂಬ ಗ್ರಂಥದಿಂದ ಈ ದೃಷ್ಟಾಂತವು ಜಗತ್ತಿನಲ್ಲೆಲ್ಲ ಹಬ್ಬಿತು. ಅಲ್ಲಿಯ ಯಹೂದ್ಯರಲ್ಲಿ 'ಹುಟ್ಸ್ಪಾ' ಎಂಬ ಗುಣವುಂಟು. ಹಿರಿಯನ ಎದುರು ಕಿರಿಯನು, ಸೇನಾಪತಿಯ ಎದುರು ಸಿಪಾಯಿಯು ನಿಸ್ಸಂಕೋಚವಾಗಿ ಎದುರುತ್ತರ ಕೊಡುವನು. ಆದುದರಿಂದಲೇ ಅಷ್ಟು ಚಿಕ್ಕ ದೇಶದಲ್ಲಿ ಅಷ್ಟೊಂದು ಹೊಸ ಉದ್ಯಮಗಳು ಹುಟ್ಟಿದವು, ಎನ್ನುವರು. ನನ್ನ ಲಕ್ಷ್ಯವನ್ನು ಸೆಳೆದದ್ದು ಆ ಶಬ್ದವೇ. ಅವರ ಭಾಷೆಯಲ್ಲಿ ಅದರ ಮೂಲಾರ್ಥವು ಪ್ರಶಂಸೆಯದಲ್ಲ. ಉದ್ಧಟತನ, ಲಜ್ಜೆಗೇಡಿತನ ಎಂದು. ನಿಂದೆಯ ಶಬ್ದವು ಕಾಲಾಂತರದಲ್ಲಿ ಸ್ತುತಿಯಾಗಿರುವದು.

ನಮ್ಮ 'ಸಾಹಸ' ಶಬ್ದದ ಗತಿಯೂ ಇದೇ. ಪಾಠಶಾಲೆಯಲ್ಲಿ ಸ್ಮೃತಿಗಳನ್ನು ಓದಿದವರಿಗೆ ಇದು ಹೊಸದಲ್ಲ. ಮನುವು ಎಣಿಸಿದ ಹದಿನೆಂಟು ವ್ಯವಹಾರಪದಗಳಲ್ಲಿ ಸಾಹಸವೂ ಒಂದು. ಅಲ್ಲಿ ಅದು ಅಪರಾಧ. 'ಸಹಸ್' ಎಂದರೆ ಬಲ. ಬಲದ ಸೊಕ್ಕಿನಿಂದ ಪರರ ವಸ್ತುವನ್ನು ಎಲ್ಲರ ಕಣ್ಣೆದುರಿಗೆ ಕಸಿಯುವದು ಸಾಹಸ. ದಂಡಗಳಿಗೂ ಇದೇ ಹೆಸರು: ಪ್ರಥಮ ಸಾಹಸವೆಂದರೆ 250 ಪಣ, ಮಧ್ಯಮವೆಂದರೆ 500, ಉತ್ತಮ ಸಾಹಸವೆಂದರೆ 1000 ಪಣಗಳ ದಂಡವು ಮನುವಿನ ಮತದಲ್ಲಿ. ನಾನು ಮೂವತ್ತು ವರ್ಷ ಹಾಯಸ್ಕೂಲಿನಲ್ಲಿ ಸಂಸ್ಕೃತ ಹೇಳಿದೆನು. 'ಸಾಹಸಿಯಾಗು' ಎಂದು ಹುಡುಗರ ವಹಿಯಲ್ಲಿ ಬರೆದು ಕೊಡುವಾಗಲೆಲ್ಲ ಈ ದಂಡದ ನೆನಪಾಗಿ ಒಳಗೊಳಗೆ ನಗು ಬರುತ್ತಿತ್ತು.

ಆದರೆ ಅದೇ ಹದಿನೆಂಟು ಪದಗಳಲ್ಲಿ ಇನ್ನೊಂದುಂಟು; ಅದಕ್ಕೆ 'ಸಂಭೂಯ ಸಮುತ್ಥಾನ' ಎಂದು ಹೆಸರು. ಸಂಭೂಯ ಎಂದರೆ ಕೂಡಿಕೊಂಡು. ಸಮುತ್ಥಾನ ಎಂದರೆ ಮೇಲಕ್ಕೇಳುವದು. ಹಲವರು ಕೂಡಿ ಬಂಡವಾಳ ಹಾಕಿ ಒಂದು ಉದ್ಯಮವನ್ನು ಎಬ್ಬಿಸಿ ನಿಲ್ಲಿಸುವದು. ಇಂಗ್ಲಿಷ್ ಶಬ್ದದ 'ಅಪ್' ಎಂಬುದರಲ್ಲಿರುವ ಏಳುವಿಕೆಯು ಇಲ್ಲಿಯೂ ಇರುವದು. ಹೆಚ್ಚಿಗೆ ಇರುವದೆಂದರೆ 'ಸಂಭೂಯ' ಎಂಬ ಪೂರ್ವಪದ. ಯಾಜ್ಞವಲ್ಕ್ಯನು ಇದರ ನಿಯಮಗಳನ್ನು ಬಹು ಸ್ಪಷ್ಟವಾಗಿ ಹೇಳಿರುವನು. ಕೂಡಿ ವ್ಯಾಪಾರ ಮಾಡುವವರು ಲಾಭವನ್ನೂ ಹಾನಿಯನ್ನೂ ತಾವು ಹಾಕಿದ ದ್ರವ್ಯಕ್ಕನುಸಾರವಾಗಿ, ಅಥವಾ ಮೊದಲೇ ಮಾಡಿಕೊಂಡ ಕರಾರಿನಂತೆ ಹಂಚಿಕೊಳ್ಳಬೇಕು. ಬೇಡವೆಂದು ಉಳಿದವರು ತಡೆದದ್ದನ್ನು, ಅಥವಾ ಅವರನ್ನು ಕೇಳದೆ, ಅಥವಾ ಮೈಮರೆತು ಮಾಡಿ ಕೆಡಿಸಿದವನು ಆ ನಷ್ಟವನ್ನು ತಾನೇ ತುಂಬಿ ಕೊಡಬೇಕು. ವಿಪತ್ತಿನಿಂದ ಮಾಲನ್ನು ಉಳಿಸಿದವನಿಗೆ ಹತ್ತರಲ್ಲೊಂದು ಪಾಲು. ಅಡವಿಯ ದಾರಿಯಲ್ಲಿ ಹೋಗುವ ವ್ಯಾಪಾರಿಗೆ ಕೊಟ್ಟ ಸಾಲಕ್ಕೆ ತಿಂಗಳಿಗೆ ನೂರಕ್ಕೆ ಹತ್ತು, ಸಮುದ್ರದ ಮೇಲೆ ಹೋಗುವವನಿಗೆ ಇಪ್ಪತ್ತು ಬಡ್ಡಿ ಎಂತಲೂ ಅವನು ಹೇಳಿರುವನು. ಅಪಾಯಕ್ಕೆ ಬೆಲೆ ಕಟ್ಟುವದನ್ನು ನಮ್ಮ ಹಿರಿಯರು ಅರಿತಿರಲಿಲ್ಲವೆಂದು ಯಾರೂ ಹೇಳಲಾರರು.

ಈ ಯಾಜ್ಞವಲ್ಕ್ಯಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ನಮ್ಮ ಕರ್ನಾಟಕದವನೇ. ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076–1126) ಆಶ್ರಯದಲ್ಲಿ ಇದ್ದವನು. ಅವನು ಗ್ರಂಥ ಬರೆಯುತ್ತಿದ್ದ ಕಾಲಕ್ಕೆ ಇದೇ ನಾಡಿನ ವರ್ತಕರು ಏನು ಮಾಡುತ್ತಿದ್ದರೆಂಬದನ್ನು ಶಾಸನಗಳು ಹೇಳುವವು. ಐಹೊಳೆಯನ್ನು ಮೂಲಸ್ಥಾನವೆಂದು ಹೇಳಿಕೊಳ್ಳುತ್ತಿದ್ದ 'ಅಯ್ಯಾವೊಳೆ ಐನೂರ್ವರು' ಎಂಬ ವರ್ತಕ ಸಂಘದ ಕೀರ್ತಿಯು ಆಗ ದಕ್ಷಿಣಾಪಥದಲ್ಲೆಲ್ಲ ಹರಡಿತ್ತು. ಚೇರ, ಚೋಳ, ಪಾಂಡ್ಯ, ಮಗಧ, ಕೋಸಲ, ಸೌರಾಷ್ಟ್ರ, ಕಾಂಭೋಜ, ನೇಪಾಳಗಳಿಗೆ ತಾವು ಹೋಗುವರೆಂದು ಶಿಕಾರಿಪುರದ ಒಂದು ಶಾಸನದಲ್ಲಿ ಅವರೇ ಕೊಚ್ಚಿಕೊಂಡಿರುವರು. ಅದರಲ್ಲಿ ಸ್ವಲ್ಪ ಅತಿಶಯೋಕ್ತಿಯಿದ್ದರೂ ಇದ್ದೀತು. ಆದರೆ ಸುಮಾತ್ರಾ ದ್ವೀಪದ ಬಾರೂಸಿನಲ್ಲಿ ದೊರೆತ 1088ರ ತಮಿಳು ಶಾಸನದಲ್ಲಿ ಈ ಐನೂರ್ವರ ಹೆಸರಿರುವದು. ಬ್ರಹ್ಮದೇಶದ ಪಗಾನಿನಲ್ಲಿ ನಾನಾದೇಶಿ ವರ್ತಕರ ಹೆಸರಿನ ವಿಷ್ಣುದೇವಾಲಯವೊಂದು 13ನೆಯ ಶತಮಾನದಲ್ಲಿ ಇದ್ದಿತು. ಇವು ಬರಿಯ ಕೊಚ್ಚುವಿಕೆಯಲ್ಲ.

ಇವರು ತಮ್ಮ ಕಟ್ಟಳೆಗೆ ಇಟ್ಟ ಹೆಸರು ಇನ್ನೂ ಗಮನಾರ್ಹವಾದದ್ದು: 'ವೀರಬಣಂಜುಧರ್ಮ'. ಬಣಂಜು ಎಂದರೆ ವಾಣಿಜ್ಯ. ತಕ್ಕಡಿ ಹಿಡಿಯುವ ಕೈಗೆ 'ವೀರ' ಎಂಬ ವಿಶೇಷಣವನ್ನು ಕೊಟ್ಟ ಜನವು ಎದೆಗಾರಿಕೆಯಿಲ್ಲದ್ದೆಂದು ಹೇಳುವದು ಹೇಗೆ? ಆದರೆ ಈ ವೀರನು ಒಬ್ಬಂಟಿಗನಲ್ಲ. ಅವರು ಆಯುಧಪಾಣಿಗಳಾದ ಕಾವಲುಗಾರರೊಡನೆ ಗುಂಪಾಗಿ ಹೋಗುತ್ತಿದ್ದರು. ಊರೂರಲ್ಲಿ ಅವರ ಬಳಗವಿತ್ತು. ಗುಡಿಗಳಿಗೆ ಸುಂಕದ ಪಾಲನ್ನು ಕೂಡಿಯೇ ಬಿಡುತ್ತಿದ್ದರು. ಕಾಂಭೋಜಕ್ಕೆ ಹೊರಟವನ ಬೆನ್ನಿಗೆ ಐನೂರ್ವರಿದ್ದರು. ವಕ್ತಾರರು ಎದೆಯನ್ನು ಕಂಡರು, ಬೆನ್ನನ್ನು ಕಾಣಲಿಲ್ಲವೆಂಬದೇ ನನ್ನ ತಕರಾರು.

ಹಾಗಾದರೆ ನಡುವೆ ಬಂದ ಅಂಜಿಕೆಯು ಎಲ್ಲಿಂದ ಬಂದಿತೆಂದು ವಾಚಕರು ಕೇಳಬಹುದು. ಇದಕ್ಕೆ ಕಾರಣಗಳು ಅನೇಕ. ರಾಜ್ಯಗಳು ಅಳಿದವು, ದಾರಿಗಳು ಮುಚ್ಚಿದವು, ಸಂಘಗಳು ಒಡೆದವು. ಅದನ್ನೆಲ್ಲ ವಿವರಿಸುವದು ನನ್ನ ಶಕ್ತಿಗೆ ಮೀರಿದ್ದು. ನನಗೆ ಹತ್ತಿರದಿಂದ ಗೊತ್ತಿರುವ ಒಂದೇ ಕಾರಣವನ್ನು ಹೇಳುವೆನು. ಅದೂ ಮಿತಾಕ್ಷರೆಯಲ್ಲಿಯೇ ಇರುವದು. ತಂದೆಯ ಸಾಲವನ್ನು ಮಕ್ಕಳೂ ಮೊಮ್ಮಕ್ಕಳೂ ತೀರಿಸಬೇಕು. ಕುಡಿತ, ಜೂಜು, ಸ್ತ್ರೀವ್ಯಸನಗಳ ಸಾಲಗಳನ್ನು ಮಾತ್ರ ಕೊಡಬೇಕಾಗಿಲ್ಲ. ಸಾಲ ತೀರದೆ ಸತ್ತವನಿಗೆ ಸದ್ಗತಿಯಿಲ್ಲವೆಂಬ ನಂಬಿಗೆಯೇ ಇದರ ಬುಡ. ಧರ್ಮದ ದೃಷ್ಟಿಯಿಂದ ಇದು ಉದಾತ್ತವಾದ ಮಾತು. ಮುಂಬಯಿ ಇಲಾಖೆಯ ಕೋರ್ಟುಗಳೂ ಇದನ್ನು ಪಿತ್ರಾರ್ಜಿತ ಆಸ್ತಿಯ ಮಟ್ಟಿಗೆ ಕಾಯದೆಯಾಗಿ ಮನ್ನಿಸಿದವು. ಆದರೆ ಇದರಿಂದ ಆದ ಪರಿಣಾಮವೇನು? ಐನೂರ್ವರ ಬೆಂಬಲವಿದ್ದಾಗ ಒಬ್ಬನ ಹಾನಿಯು ಐನೂರು ಪಾಲಾಗುತ್ತಿತ್ತು. ಸಂಘವು ಹೋದ ಮೇಲೆ ಅದೇ ಹಾನಿಯು ಪಾಲಾಗದೆ, ಹುಟ್ಟದ ಕೂಸಿನ ತನಕ ಉದ್ದಕ್ಕೆ ಹರಿಯಿತು.

ಇದು ಪುಸ್ತಕದಿಂದ ತೆಗೆದ ಮಾತಲ್ಲ. ನಮ್ಮ ಎರೆಭೂಮಿಯ ಹತ್ತಿಯ ವ್ಯಾಪಾರವು ಮೊದಲಿನಿಂದಲೂ ಏರಿಳಿತದ್ದು. ಅಮೇರಿಕದ ಅಂತಃಕಲಹದ ಕಾಲಕ್ಕೆ (1861–65) ಧಾರವಾಡ ಸೀಮೆಯ ಹತ್ತಿಗೆ ಬಂಗಾರದ ಬೆಲೆ ಬಂದು, ಯುದ್ಧ ಮುಗಿದೊಡನೆ ಬಿದ್ದು ಹೋದದ್ದು ಪ್ರಸಿದ್ಧವೇ ಇರುವದು. 1930ರ ಸುಮಾರಿಗೆ ಜಗತ್ತಿನ ಪೇಟೆಗಳೆಲ್ಲ ಕುಸಿದಾಗ ಇನ್ನೊಮ್ಮೆ ಹಾಗೆಯೇ ಆಯಿತು. ಆಗ ಕುಂದಗೋಳವು ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ನಮ್ಮ ಅಜ್ಜನವರು ಹತ್ತಿಯ ವ್ಯಾಪಾರಿಗಳಲ್ಲ. ಪಂಚಾಂಗ ಹೇಳಿಕೊಂಡು, ಹದಿನಾಲ್ಕು ಎಕರೆ ಹೊಲವನ್ನು ಕೋರಿಗೆ ಕೊಟ್ಟುಕೊಂಡು ಇದ್ದವರು. ಆದರೆ ದಾಯಾದಿಯೊಬ್ಬರು ಹತ್ತಿಯಲ್ಲಿ ಕೈಹಾಕಿದಾಗ ಅವರ ಕಾಗದಕ್ಕೆ ಜಾಮೀನು ಸಹಿ ಹಾಕಿದರು. ಬೆಲೆ ಬಿದ್ದಿತು, ದಾಯಾದಿಯು ಊರು ಬಿಟ್ಟರು, ಸಾಹುಕಾರನು ಅಜ್ಜನ ಬಾಗಿಲಿಗೆ ಬಂದನು. ಎಂಟು ಎಕರೆ ಹೋಯಿತು. ಆದರೂ ಋಣ ಹರಿಯಲಿಲ್ಲ. ಅಜ್ಜನವರು ತೀರಿದ ಮೇಲೆ ನಮ್ಮ ತಂದೆಯವರು ಮಾಸ್ತರಿಕೆಯ ಪಗಾರದಲ್ಲಿ ವರ್ಷಾನುವರ್ಷ ಕೊಟ್ಟು ತೀರಿಸಿದರು. ಕೊನೆಯ ಕಂತು ಕೊಟ್ಟು ಬಂದ ದಿನ ಅವರು ಕಾಗದವನ್ನು ಹರಿದು ತುಳಸೀಕಟ್ಟೆಯ ಮುಂದೆ ಸುಟ್ಟರೆಂದು ತಾಯಿಯವರು ಹೇಳುತ್ತಿದ್ದರು.

ಶಾಸ್ತ್ರದ ಸೂಕ್ಷ್ಮವನ್ನು ನೋಡಬೇಕು. ಹಣ ಕೊಡುವೆನೆಂದು ನಿಂತ ಜಾಮೀನಿನ ಋಣವನ್ನು ಮಗನು ಕೊಡಬೇಕು, ಆದರೆ ಬಡ್ಡಿಯಿಲ್ಲದೆ ಮೂಲವನ್ನಷ್ಟೇ. ಮೊಮ್ಮಗನಿಗೆ ಅದರ ಹೊಣೆಯೇ ಇಲ್ಲ. ಸಾಹುಕಾರನು ಮಿತಾಕ್ಷರೆಯನ್ನು ಓದಿದವನಲ್ಲವಾದುದರಿಂದ ಬಡ್ಡಿಯನ್ನೂ ಎಣಿಸಿ ತೆಗೆದುಕೊಂಡನು. ಮೊಮ್ಮಗನಾದ ನಾನು ಋಣಮುಕ್ತನೇ. ಆದರೆ ಆ ಅಂಜಿಕೆ ಮಾತ್ರ ನನ್ನ ಪಾಲಿಗೆ ಪೂರ್ತಿಯಾಗಿ ಬಂದಿತು. ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ ನನ್ನ ಶಿಷ್ಯನೊಬ್ಬನು ಬಂದು, ಕಾರಕೂನಿಕೆ ಬಿಟ್ಟು ಮೆಣಸಿನಕಾಯಿ ಪುಡಿಯ ಗಿರಣಿ ಹಾಕುವೆನು, ತಮ್ಮ ಆಶೀರ್ವಾದ ಬೇಕು ಎಂದನು. "ತಮ್ಮಾ, ಹುಚ್ಚನಾಗಬ್ಯಾಡ, ಇದ್ದ ನೌಕರಿ ಹಿಡಕೊಂಡು ಕೂಡು" ಎಂದು ಕಳಿಸಿದೆನು. ಅವನು ನನ್ನ ಮಾತು ಕೇಳಿದನು. ಈಗಲೂ ಬಜಾರದಲ್ಲಿ ಕಂಡರೆ ಕಾಲು ಮುಟ್ಟಿ ನಮಸ್ಕಾರ ಮಾಡುವನು. ಅದನ್ನು ತೆಗೆದುಕೊಳ್ಳುವದು ನನಗೆ ಕಷ್ಟವಾಗುತ್ತದೆ.

ಇನ್ನು ಇಸ್ರಾಯೇಲಿನ ಮಾತಿಗೆ ಬರೋಣ. ಅಲ್ಲಿಯವರ ಹುಟ್ಸ್ಪಾ ಗುಣವು ಹಳೆಯದು. ಆದರೆ ಹೊಸ ಉದ್ಯಮಗಳಿಗೆ ಹಣ ಹೂಡುವ ಪೇಟೆಯು ಅಲ್ಲಿ ಬೆಳೆದದ್ದು 1990ರ ದಶಕದಲ್ಲಿ. ಗುಣವೊಂದೇ ಕಾರಣವಾಗಿದ್ದರೆ ಅಷ್ಟು ಕಾಲ ಕಾಯಬೇಕಾಗಿದ್ದಿಲ್ಲ. 1993ರಲ್ಲಿ ಅಲ್ಲಿಯ ಸರಕಾರವು 'ಯೋಜ್ಮಾ' ಎಂಬ ಯೋಜನೆಯಿಂದ ಹತ್ತು ಕೋಟಿ ಡಾಲರುಗಳನ್ನು ತೆಗೆದಿರಿಸಿತು. ಅದರಿಂದ ಹುಟ್ಟಿದ ಹತ್ತು ನಿಧಿಗಳಲ್ಲಿ ಸರಕಾರದ ಪಾಲು ನೂರಕ್ಕೆ ನಲವತ್ತರ ತನಕ. ಉಳಿದದ್ದನ್ನು ಖಾಸಗಿಯವರು ತರಬೇಕು. ನಷ್ಟವಾದರೆ ಸರಕಾರವೂ ಜೊತೆಗೆ ಕಳೆದುಕೊಳ್ಳುವದು. ಲಾಭವಾಗುವಂತೆ ಕಂಡರೆ ಐದು ವರ್ಷಗಳೊಳಗಾಗಿ ಸರಕಾರದ ಪಾಲನ್ನು ಕಡಿಮೆ ಬೆಲೆಗೆ ಕೊಂಡುಕೊಳ್ಳುವ ಅಧಿಕಾರವು ಖಾಸಗಿಯವರಿಗೆ. ಅದಕ್ಕೂ ಮೊದಲಿನಿಂದ ಸಂಶೋಧನೆಗೆ ಕೊಡುತ್ತಿದ್ದ ಹಣದ ಕರಾರು ಇನ್ನೂ ವಿಚಿತ್ರ: ಪದಾರ್ಥವು ಮಾರಾಟವಾದರೆ ಮಾತ್ರ ಅದನ್ನು ಮರಳಿ ಕೊಡಬೇಕು. ಸರಕಾರದ ಭಂಡಾರವೇ ಬೆನ್ನಿಗೆ ನಿಂತಾಗ ಎದೆಯು ಮುಂದಕ್ಕೆ ಬರುವದರಲ್ಲಿ ಆಶ್ಚರ್ಯವೇನು? ನಾನು ಅವರ ಧೈರ್ಯವನ್ನು ಹಳಿಯುತ್ತಿಲ್ಲ. ಕಥೆಯ ಅರ್ಧವನ್ನು ಮಾತ್ರ ನಮಗೆ ಹೇಳಿದರೆನ್ನುತ್ತೇನೆ.

ನಮ್ಮ ಸೀಮೆಯ ಕಥೆಗಳನ್ನೂ ಹೀಗೆಯೇ ಅರ್ಧ ಹೇಳುವದು ರೂಢಿಯಾಗಿದೆ. ಲಕ್ಷ್ಮಣರಾವ ಕಿರ್ಲೋಸ್ಕರರನ್ನು ತೆಗೆದುಕೊಳ್ಳಿರಿ. 1869ರಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿ, ಮುಂಬಯಿಯ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಶಾಲೆಯಲ್ಲಿ ಶಿಕ್ಷಕರಾಗಿದ್ದು, ಬಡತಿಯು ತಪ್ಪಿದುದಕ್ಕಾಗಿ ನೌಕರಿಯನ್ನು ಬಿಟ್ಟು ಬಂದು ಬೆಳಗಾವಿಯಲ್ಲಿ ಅಣ್ಣ ರಾಮಣ್ಣನವರೊಡನೆ ಸಾಯಕಲ್ ಅಂಗಡಿ ನಡಿಸಿದವರು. ಮೇವು ಕತ್ತರಿಸುವ ಯಂತ್ರವನ್ನೂ ಕಬ್ಬಿಣದ ನೇಗಿಲನ್ನೂ ಮಾಡಿದರು. ಕಟ್ಟಿಗೆಯ ರಂಟೆಗೆ ಒಗ್ಗಿದ ರೈತರು ಕಬ್ಬಿಣವು ಭೂಮಿಗೆ ವಿಷವೆಂದು ಅಂಜಿ ಅದನ್ನು ಮುಟ್ಟಲಿಲ್ಲ. ಮೊದಲ ನೇಗಿಲುಗಳು ಬಹುಕಾಲ ಅಂಗಡಿಯಲ್ಲಿಯೇ ಉಳಿದವು. ಇಲ್ಲಿಯವರೆಗಿನ ಕಥೆಯನ್ನು ಪಾಠದ ಪುಸ್ತಕಗಳು ಹೇಳುವವು. ಮುಂದಿನದೇ ನನಗೆ ಮುಖ್ಯವಾದದ್ದು. ಬೆಳಗಾವಿಯಲ್ಲಿಯ ಜಾಗವನ್ನು ಬಿಡಬೇಕಾಗಿ ಬಂದು ಅವರು ದಿಕ್ಕುಗಾಣದೆ ಇದ್ದಾಗ ಔಂಧ ಸಂಸ್ಥಾನದ ಅಧಿಪತಿ ಬಾಳಾಸಾಹೇಬ ಪಂತಪ್ರತಿನಿಧಿಯವರು ಕುಂಡಲ ರೋಡ ಸ್ಟೇಶನ್ನಿನ ಹತ್ತಿರ ಬರಡುಭೂಮಿಯನ್ನೂ 10,000 ರೂಪಾಯಿಗಳ ಸಾಲವನ್ನೂ ಕೊಟ್ಟರು. 1910ರಲ್ಲಿ ಅಲ್ಲಿ ಕಿರ್ಲೋಸ್ಕರವಾಡಿಯು ಎದ್ದಿತು. ಆಮೇಲೆ ನಮ್ಮ ಎರೆಹೊಲಗಳಲ್ಲಿ ಕರಿಕೆಯ ಬೇರನ್ನು ಕಿತ್ತು ಒಗೆದದ್ದು ಅದೇ ಕಬ್ಬಿಣದ ನೇಗಿಲು.

ಎಲ್ಲರಿಗೂ ಪಂತಪ್ರತಿನಿಧಿಗಳು ದೊರೆಯಲಾರರೆಂದು ಆಕ್ಷೇಪಿಸಬಹುದು. ನಿಜವೇ. ಆದುದರಿಂದ ನನ್ನ ದೃಷ್ಟಿಯಲ್ಲಿ ಇದಕ್ಕಿಂತ ದೊಡ್ಡ ಧೈರ್ಯವನ್ನು ತೋರಿದ್ದು ಗದಗ ತಾಲೂಕಿನ ಕಣಗಿನಹಾಳ. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯದೆಯಾಯಿತು. 1905ರಲ್ಲಿ ಈ ಹಳ್ಳಿಯಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಂಘವನ್ನು ಸ್ಥಾಪಿಸಿದರು. ಭರತಖಂಡದ ಕೃಷಿ ಪತ್ತಿನ ಸಹಕಾರಿ ಸಂಘಗಳಲ್ಲಿ ಇದೇ ಮೊದಲನೆಯದೆಂದು ಪ್ರಸಿದ್ಧಿ. ಹಳ್ಳಿಯ ಸಂಘಗಳಿಗೆ ಆ ಕಾಯದೆಯು ಹಾಕಿದ ಕಟ್ಟಳೆಯೆಂದರೆ ಮಿತಿಯಿಲ್ಲದ ಹೊಣೆ. ಜರ್ಮನಿಯಲ್ಲಿ ರೈಫೈಸನ್ ಎಂಬವನು ಹಳ್ಳಿಗರಿಗಾಗಿ ನಡಿಸಿದ ಸಂಘಗಳ ಪದ್ಧತಿಯಿದು. ಸಂಘವು ಮಾಡಿದ ಸಾಲಕ್ಕೆ ಪ್ರತಿಯೊಬ್ಬ ಸದಸ್ಯನೂ ತನ್ನ ಸರ್ವಸ್ವದಿಂದ ಬಾಧ್ಯನು. ನಮ್ಮ ಅಜ್ಜನವರು ಒಬ್ಬರಿಗಾಗಿ ಒಬ್ಬಂಟಿಗರಾಗಿ ಹಾಕಿದ ಜಾಮೀನನ್ನು ಕಣಗಿನಹಾಳದವರು ಎಲ್ಲರಿಗಾಗಿ ಎಲ್ಲರೂ ಹಾಕಿದರು. ಮೇಲುನೋಟಕ್ಕೆ ಇದು ಹೆಚ್ಚು ಭಯಂಕರವಾದದ್ದು. ಆದರೆ ಸಾಲ ಕೇಳಿದವನ ಹೊಲವೆಷ್ಟು, ಎತ್ತೆಷ್ಟು, ದುಡಿತವೆಂಥದು ಎಂಬದು ನೆರೆಮನೆಯವನಿಗೆ ಗೊತ್ತಿರುವದು. ಕೆಡಿಸಿದವನಿಗೆ ಮರುದಿನ ಬಾವಿಕಟ್ಟೆಯಲ್ಲಿ ಮುಖ ತೋರಿಸಬೇಕಾಗುವದು. ಕೇಳದೆ ಕೆಡಿಸಿದವನು ತುಂಬಿ ಕೊಡಲಿ ಎಂಬ ಯಾಜ್ಞವಲ್ಕ್ಯನ ಮಾತಿಗೆ ಹಳ್ಳಿಯೇ ಕೋರ್ಟಾಯಿತು. ಆ ಕಾಲದಲ್ಲಿ ಈ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ ಒಕ್ಕಲಿಗನನ್ನು ಅಂಜುಬುರುಕನೆನ್ನುವ ಧೈರ್ಯವು ನನಗಂತೂ ಇಲ್ಲ.

ಕರಾವಳಿಯ ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಕೆನರಾ ಇಂಡಸ್ಟ್ರಿಯಲ್ ಎಂಡ್ ಬ್ಯಾಂಕಿಂಗ್ ಸಿಂಡಿಕೇಟು 1928ರಿಂದ ದಿನಕ್ಕೆ ಎರಡಾಣೆಯಂತೆ ಮನೆಮನೆಗೆ ಹೋಗಿ ಪಿಗ್ಮಿ ಠೇವು ಕೂಡಿಸಿದ್ದೂ ಇದೇ ಜಾತಿಯ ಬುದ್ಧಿ. ವಿಸ್ತರಿಸುವದಿಲ್ಲ.

ಈಚಿನ ಉದಾಹರಣೆ ಬೇಕೆನ್ನುವವರಿಗೆ ಇನ್ಫೋಸಿಸ್ ಇದೆ. 1981ರಲ್ಲಿ ಏಳು ಜನ ಕೂಡಿ ಅದನ್ನು ಹೂಡಿದರು. ಅಕ್ಷರಶಃ ಸಂಭೂಯ ಸಮುತ್ಥಾನ. ಅವರಲ್ಲಿ ಮುಖ್ಯರಾದ ನಾರಾಯಣ ಮೂರ್ತಿಯವರು ಅದಕ್ಕೂ ಮೊದಲು ಒಂದು ಉದ್ಯಮ ಮಾಡಿ ಕೈಸುಟ್ಟುಕೊಂಡಿದ್ದರು. ಎರಡನೆಯ ಸಲಕ್ಕೆ 10,000 ರೂಪಾಯಿಗಳನ್ನು ತಮ್ಮ ಉಳಿತಾಯದಿಂದ ಕೊಟ್ಟವರು ಅವರ ಪತ್ನಿ ಸುಧಾ ಮೂರ್ತಿಯವರು. ನಮ್ಮ ನೆರೆಯ ಶಿಗ್ಗಾಂವಿಯಲ್ಲಿ ಹುಟ್ಟಿ ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದಿದವರು. ಔಂಧದ ರಾಜರು ಕೊಟ್ಟದ್ದೂ 10,000, ಶಿಗ್ಗಾಂವಿಯ ಮಗಳು ಕೊಟ್ಟದ್ದೂ 10,000. ಎಪ್ಪತ್ತು ವರ್ಷಗಳಲ್ಲಿ ರೂಪಾಯಿಯ ಬೆಲೆ ಎಷ್ಟೇ ಇಳಿದಿರಲಿ, ಮೊದಲೊಮ್ಮೆ ಸೋತವನಿಗೆ ಮನೆಯವರೇ ಮತ್ತೆ ಹಣ ಕೊಡುವದು ರಾಜನ ದಾನಕ್ಕಿಂತ ಕಿರಿದಲ್ಲ.

ವಿಷಯಾಂತರವಾದರೂ ಕುಂದಗೋಳದವನಾಗಿ ಇದೊಂದನ್ನು ಹೇಳದೆ ಇರಲಾರೆ. 1933ರಲ್ಲಿ ಹನ್ನೊಂದು ವರ್ಷದ ಹುಡುಗನೊಬ್ಬನು ಸಂಗೀತದ ಹುಚ್ಚಿನಿಂದ ಗದಗಿನ ಮನೆಯನ್ನು ಬಿಟ್ಟು ಓಡಿಹೋದನು. ಭೀಮಸೇನ ಜೋಶಿಯವರ ಈ ಸಾಹಸವನ್ನು ಎಲ್ಲರೂ ಹೊಗಳುವರು. ಆದರೆ ಊರೂರು ಅಲೆದ ಆ ಹುಡುಗನನ್ನು ಮುಂದೆ ಶಿಷ್ಯನೆಂದು ತೆಗೆದುಕೊಂಡು ನಮ್ಮೂರಲ್ಲಿ ವರ್ಷಗಟ್ಟಲೆ ಇರಿಸಿಕೊಂಡು ಕಲಿಸಿದ ಸವಾಯಿ ಗಂಧರ್ವರು ಇರದಿದ್ದರೆ, ಅದು ಮನೆ ಬಿಟ್ಟು ಹೋದ ಇನ್ನೊಬ್ಬ ಹುಡುಗನ ವಾರ್ತೆಯಾಗಿ ಉಳಿಯುತ್ತಿತ್ತು.

ಕಾಯದೆಯ ಮಾತೊಂದು ಉಳಿಯಿತು. 2005ನೆಯ ಇಸವಿಯ ಸಪ್ಟೆಂಬರ 9ರಿಂದ ಜಾರಿಗೆ ಬಂದ ಹಿಂದೂ ಉತ್ತರಾಧಿಕಾರದ ತಿದ್ದುಪಡಿಯು ಹೆಣ್ಣುಮಕ್ಕಳಿಗೆ ಸಮಾನ ಹಕ್ಕು ಕೊಟ್ಟದ್ದಕ್ಕಾಗಿ ಪ್ರಸಿದ್ಧವಾಗಿದೆ. ಅದರಲ್ಲಿಯೇ ಇನ್ನೊಂದು ಚಿಕ್ಕ ಕಲಮು ಇರುವದನ್ನು ಬಹು ಜನರು ಗಮನಿಸಿಲ್ಲ. ಆ ದಿನದ ತರುವಾಯ ಮಾಡಿದ ಸಾಲಕ್ಕಾಗಿ, ಕೇವಲ ಪಿತೃಋಣದ ಧರ್ಮವೆಂಬ ಕಾರಣದಿಂದ ಮಗನ ಮೇಲೆ, ಮೊಮ್ಮಗನ ಮೇಲೆ, ಮರಿಮಗನ ಮೇಲೆ ಯಾವ ಕೋರ್ಟೂ ದಾವೆಯನ್ನು ಮನ್ನಿಸಕೂಡದು. ಸಾವಿರಾರು ವರ್ಷಗಳ ಗಂಟೊಂದು ಒಂದು ವಾಕ್ಯದಿಂದ ಬಿಚ್ಚಿತು. ಆಸ್ತಿಕನಾದ ನನಗೆ ಇದನ್ನು ಓದಿದಾಗ ಮೊದಲು ಸಂಕಟವಾಯಿತು. ಆಮೇಲೆ ತಂದೆಯವರ ಹರಿದ ಅಂಗಿಯ ಕಾಲರು ನೆನಪಿಗೆ ಬಂದು, ಇದು ಐವತ್ತು ವರ್ಷ ಮೊದಲೇ ಆಗಬಾರದಾಗಿತ್ತೇ ಎನಿಸಿತು.

ಈ ಲೇಖನಕ್ಕೆ ನಿಮಿತ್ತವಾದ ಸಂಗತಿಯನ್ನು ಹೇಳಿ ಮುಗಿಸುವೆನು. ಹೋದ ದೀಪಾವಳಿಯ ಮುಂದೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಳು. ಅವಳೂ ಇನ್ನು ನಾಲ್ವರೂ ಕೂಡಿ ಬ್ಯಾಡಗಿ ಮೆಣಸಿನಕಾಯಿಯನ್ನು ಆರಿಸಿ, ತೊಟ್ಟು ಬಿಡಿಸಿ, ಕಡ್ಡಿ ಬೇರೆ ಡಬ್ಬಿ ಬೇರೆ ಮಾಡಿ ದೂರದ ಊರುಗಳಿಗೆ ನೇರವಾಗಿ ಕಳಿಸುವ ವ್ಯಾಪಾರವನ್ನು ಹೂಡುವರಂತೆ. ಪಾಲುದಾರಿಕೆಯ ಕಾಗದವನ್ನು ತಂದಿದ್ದಳು. "ಸರ, ಇದರಾಗ ಕನ್ನಡ ಏನರ ತಪ್ಪಿದ್ರ ತಿದ್ದಿ ಕೊಡ್ರಿ" ಎಂದಳು. ಕನ್ನಡವು ಸರಿಯಾಗಿಯೇ ಇತ್ತು. ಲಾಭದ ಹಂಚಿಕೆಗೆ ಒಂದು ಪುಟವಿತ್ತು; ಹಾನಿಯ ಬಗ್ಗೆ ಒಂದು ಸಾಲೂ ಇರಲಿಲ್ಲ. "ಲುಕ್ಸಾನ ಆದ್ರ ಯಾರು ಹೊರತೀರಿ, ತಂಗಿ?" ಎಂದೆನು. ಅವಳು ಸುಮ್ಮನಾದಳು. ಆಗ ಕಪಾಟದಿಂದ ಯಾಜ್ಞವಲ್ಕ್ಯನನ್ನು ತೆಗೆದು, ಮೇಲೆ ಹೇಳಿದ ಎರಡು ನಿಯಮಗಳನ್ನು ತಿಳಿಗನ್ನಡದಲ್ಲಿ ಬರೆದು ಕಲಮು ಮಾಡಿ ಸೇರಿಸಿದೆವು. ಮಾಲು ಉಳಿಸಿದವರಿಗೆ ಹತ್ತರಲ್ಲೊಂದು ಪಾಲು ಎಂಬದು ಅವಳಿಗೆ ಬಹಳ ಹಿಡಿಸಿತು. ಎಂಟು ದಿನಗಳ ಮೇಲೆ ಐವರೂ ಕೂಡಿ ಬಂದರು. ಸಾಕ್ಷಿಯ ಸಹಿಗೆ ಒಬ್ಬರು ಬೇಕಾಗಿತ್ತು. ಅದು ಜಾಮೀನಲ್ಲ, ಬರಿಯ ಸಾಕ್ಷಿ ಎಂದು ಮೂರು ಸಲ ಓದಿ ನೋಡಿದೆನು. ಆದರೂ ಲೆಕ್ಕಣಿಕೆಯನ್ನು ಹಿಡಿದ ಕೈ ಸ್ವಲ್ಪ ನಡುಗಿತು. ಅಜ್ಜನವರ ತರುವಾಯ ಪರರ ವ್ಯಾಪಾರದ ಕಾಗದಕ್ಕೆ ನಮ್ಮ ಮನೆಯಿಂದ ಬಿದ್ದ ಸಹಿ ಅದೊಂದೇ.